ಶಾಹೂ ಮಹಾರಾಜರು ಬರೆದಿಟ್ಟಿದ್ದು ಉಳಿಯಿತು, ಪ್ರೀತಿಯಿಂದ ಕೊಟ್ಟಿದ್ದು ಕರಗಿತು

ಜಾತ್ರೆ ಸೀಸನ್ನಿನಲ್ಲಿ ಚಿಕ್ಕೋಡಿಯಿಂದ ಅಥಣಿಗೆ ಹೋಗುವ ರಸ್ತೆಯ ಬ್ಯಾನರುಗಳನ್ನು ಓದುತ್ತಾ ಹೋದರೆ ಸಾಕು, ಈ ಭಾಗದ ಅರ್ಧ ರಾಜಕೀಯ ಅರ್ಥವಾಗಿಬಿಡುತ್ತದೆ. ಜಂಗಿ ನಿಕಾಲಿ ಕುಸ್ತಿ, ಎತ್ತಿನ ಗಾಡಿ ಶರ್ಯತ್ತು, ಕುದುರೆ ಗಾಡಿ ಶರ್ಯತ್ತು. ಮೇಲೆ ಶಾಸಕರ ಮುಖ, ಪಕ್ಕದಲ್ಲಿ ಸಕ್ಕರೆ ಕಾರ್ಖಾನೆಯ ಚೇರ್ಮನ್ನರ ಮುಖ, ಕೆಳಗೆ ಸಾಲಾಗಿ ಸೊಸೈಟಿಯವರು, ಗುತ್ತಿಗೆದಾರರು, ಬಂಗಾರದ ಅಂಗಡಿಯವರು. ಇಷ್ಟು ಮುಖಗಳ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಗಾತ್ರದಲ್ಲಿ ಪೈಲ್ವಾನ ನಿಂತಿರುತ್ತಾನೆ. ಮುಂದಿನ ವರ್ಷ ಮತ್ತೆ ಬನ್ನಿ. ಅದೇ ಕಣ, ಅದೇ ಕೆಂಪು ಮಣ್ಣು, ಅದೇ ಪೈಲ್ವಾನ. ಮೇಲಿನ ಮುಖಗಳು ಮಾತ್ರ ಬದಲಾಗಿರುತ್ತವೆ.

ನೂರು ವರ್ಷಗಳ ಹಿಂದೆ ಈ ಸೀಮೆಯ ಕುಸ್ತಿಗೆ ಒಂದೇ ಮುಖ ಇತ್ತು. ಕೊಲ್ಹಾಪುರದ ಶಾಹೂ ಮಹಾರಾಜರದ್ದು. ಪ್ರತಿ ಜೂನ್ 26ಕ್ಕೆ ನಾವೆಲ್ಲ ಅವರ ಫೋಟೊ ಹಾಕಿ, ಮೀಸಲಾತಿಯ ಜನಕ ಅಂತ ಬರೆದು ಪೋಸ್ಟ್ ಮಾಡುತ್ತೇವೆ. ಅದು ಸರಿಯೇ. ಆದರೆ ಆ ಮನುಷ್ಯ ಸ್ವತಃ ಮಣ್ಣಿಗಿಳಿದ ಪೈಲ್ವಾನ ಆಗಿದ್ದ, ದೇಶದ ದೊಡ್ಡ ಕುಸ್ತಿ ಪೋಷಕರಲ್ಲಿ ಒಬ್ಬನಾಗಿದ್ದ ಅನ್ನೋದನ್ನ ಪೋಸ್ಟಿನಲ್ಲಿ ಯಾರೂ ಬರೆಯುವುದಿಲ್ಲ. ಅವರ ಬದುಕಿನ ಈ ಎರಡೂ ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇವತ್ತಿನ ನಮ್ಮ ಪೈಲ್ವಾನರ, ಗಾಡಿ ಹೊಡೆಯುವವರ ಪಾಡಿಗೆ ಒಂದು ಕಾರಣ ಸಿಗುತ್ತದೆ. ಅದನ್ನು ಹೇಳಬೇಕು ಅಂತಲೇ ಈ ಬರಹ.

ಗಡಿ ಇಲ್ಲದ ಕಾಲದ ಹುಡುಗ

ನಿಪ್ಪಾಣಿಯಿಂದ ಹೈವೇ ಹಿಡಿದರೆ ಅರ್ಧ ಗಂಟೆಯಲ್ಲಿ ಕಾಗಲ್ ಬರುತ್ತದೆ. ಅಲ್ಲಿನ ಘಾಟ್ಗೆ ಮನೆತನದ ಜಯಸಿಂಗರಾವ್ ಅವರ ಮಗನಾಗಿ 1874ರ ಜೂನ್ 26ರಂದು ಯಶವಂತರಾವ್ ಹುಟ್ಟಿದ. ತಾಯಿ ರಾಧಾಬಾಯಿ ಮುಧೋಳದ ರಾಜಮನೆತನದವರು. ಅಂದರೆ ಇವತ್ತಿನ ನಕಾಶೆಯಲ್ಲಿ ತಂದೆಯದು ಮಹಾರಾಷ್ಟ್ರ, ತಾಯಿಯದು ಬಾಗಲಕೋಟೆ ಜಿಲ್ಲೆ. ಹುಡುಗನಿಗೆ ಮೂರು ವರ್ಷವಾದಾಗ ತಾಯಿ ತೀರಿಕೊಂಡರು. ಹತ್ತು ವರ್ಷ ತುಂಬುವ ಮೊದಲೇ, 1884ರ ಮಾರ್ಚ್‌ನಲ್ಲಿ, ಕೊಲ್ಹಾಪುರದ ರಾಣಿ ಆನಂದೀಬಾಯಿ ಅವನನ್ನು ದತ್ತು ತೆಗೆದುಕೊಂಡರು. ಯಶವಂತರಾವ್ ಶಾಹೂ ಛತ್ರಪತಿ ಆದ. ಎರಡೇ ವರ್ಷದಲ್ಲಿ ತಂದೆಯೂ ಹೋದರು.

ಮುಂದೆ ರಾಜಕೋಟದ ರಾಜಕುಮಾರ ಕಾಲೇಜು. ಅಲ್ಲಿಂದ 1890ರಲ್ಲಿ ನಮ್ಮ ಧಾರವಾಡಕ್ಕೆ. ಸ್ಟುವರ್ಟ್ ಫ್ರೇಜರ್ ಎಂಬ ಐಸಿಎಸ್ ಅಧಿಕಾರಿಯ ಕೈಕೆಳಗೆ ನಾಲ್ಕು ವರ್ಷ ಧಾರವಾಡದಲ್ಲಿ ಆಡಳಿತ, ಕಾನೂನು, ಇತಿಹಾಸ ಓದಿದರು. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದ ಇಬ್ಬರು ರಾಜರಿಗೆ ಒಬ್ಬರೇ ಮೇಷ್ಟ್ರು. ಮೇಷ್ಟ್ರ ಪ್ರಭಾವ ಎಷ್ಟು ಅನ್ನೋದು ಚರ್ಚೆಯ ವಿಷಯ. ಆದರೆ ಒಬ್ಬ ಛತ್ರಪತಿಯ ಕಲಿಕೆಯ ನಾಲ್ಕು ವರ್ಷ ಧಾರವಾಡದ ಮಳೆಯಲ್ಲಿ ಕಳೆಯಿತು ಎಂಬುದನ್ನು ಎರಡೂ ಕಡೆಯ ಗಡಿ ಹೋರಾಟಗಾರರು ನೆನಪಿಸಿಕೊಳ್ಳುವುದಿಲ್ಲ.

ಆಗಿನ ನಕಾಶೆಯೇ ಬೇರೆ ಇತ್ತು. ಚಿಕ್ಕೋಡಿ ಮತ್ತು ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ ಮಹಾಲು. ಅಕ್ಕಪಕ್ಕದಲ್ಲಿ ಮಿರಜ, ಸಾಂಗಲಿ, ಕುರುಂದವಾಡ, ಜಮಖಂಡಿ ಸಂಸ್ಥಾನಗಳ ಚೂರುಗಳು. ರಾಯಬಾಗದ ರೈತ ಶಾಹೂ ಮಹಾರಾಜರ ಪ್ರಜೆ. ಕೃಷ್ಣೆ ದಾಟಿದರೆ ಅವನ ಬೀಗರು ಬ್ರಿಟಿಷ್ ಪ್ರಜೆ. ಜಾತ್ರೆ, ಸಂತೆ, ಮದುವೆ, ಕುಸ್ತಿಗೆ ಈ ಗೆರೆಗಳು ಯಾವತ್ತೂ ಅಡ್ಡ ಬರಲಿಲ್ಲ. ಇವತ್ತಿಗೂ ನಮ್ಮ ಕಡೆಯ ಹುಡುಗ ಕುಸ್ತಿ ಕಲೀತೀನಿ ಅಂತ ಹಟ ಹಿಡಿದರೆ ಮನೆಯವರು ಕೊಲ್ಹಾಪುರದ ತಾಲೀಮಿಗೇ ಕಳಿಸುವುದು.

ಸಿಂಹಾಸನದ ಮೇಲೆ ಪೈಲ್ವಾನ

1894ರ ಏಪ್ರಿಲ್ 2ರಂದು ಇಪ್ಪತ್ತು ವರ್ಷ ತುಂಬುವ ಮೊದಲೇ ಅಧಿಕಾರ ಕೈಗೆ ಬಂತು. ಎತ್ತರದ, ಗಟ್ಟಿ ಆಳು. ಬೇಟೆ, ಕುದುರೆ, ಆನೆ, ಕುಸ್ತಿ ಎಂದರೆ ಜೀವ. ರಾಜರು ಕುಸ್ತಿ ನೋಡುವುದು ಹೊಸದೇನಲ್ಲ, ಆದರೆ ಇವರು ತಾಲೀಮಿನ ಮಣ್ಣಿನ ವಾಸನೆ ಗೊತ್ತಿದ್ದ ರಾಜ. ಯಾವ ಪೈಲ್ವಾನನ ಮೈ ಹೇಗೆ ತಿರುಗುತ್ತದೆ, ಯಾವ ಪಟ್ಟಿಗೆ ಯಾವ ಪಟ್ಟು ಉತ್ತರ ಅನ್ನೋದು ಅವರಿಗೆ ಬರೀ ಮನರಂಜನೆ ಆಗಿರಲಿಲ್ಲ.

ಪಟ್ಟಕ್ಕೆ ಬಂದ ಎರಡು ಮೂರು ವರ್ಷಕ್ಕೇ ಬರ, ಅದರ ಬೆನ್ನಿಗೇ ಪ್ಲೇಗು. ಸಂಸ್ಥಾನದಲ್ಲಿ ಅಗ್ಗದ ಧಾನ್ಯದ ಅಂಗಡಿ ತೆರೆಸಿದರು, ಬರದ ಕಾಮಗಾರಿ ಶುರು ಮಾಡಿಸಿದರು. ರಾಜನ ಕೆಲಸ ಏನು ಅನ್ನೋದನ್ನ ಅವರು ಕಲಿತದ್ದು ಅಲ್ಲಿ ಅಂತ ನನಗೆ ಅನ್ನಿಸುತ್ತದೆ. ಜಾತಿಯ ಪಾಠ ಮಾತ್ರ ಮನೆ ಬಾಗಿಲಿಗೇ ಬಂತು. ಪಂಚಗಂಗಾ ನದಿಯ ಸ್ನಾನದ ಹೊತ್ತಿಗೆ ಅರಮನೆಯ ಪುರೋಹಿತ ವೇದ ಮಂತ್ರ ಬಿಟ್ಟು ಪುರಾಣದ ಮಂತ್ರ ಹೇಳುತ್ತಿದ್ದುದು ಗೊತ್ತಾಯಿತು. ಕೇಳಿದರೆ, ಮಹಾರಾಜರು ಶೂದ್ರರು, ವೇದೋಕ್ತ ಅವರಿಗೆ ಸಲ್ಲದು ಅಂತ ಉತ್ತರ. ರಾಜನೇ ಶೂದ್ರ ಎಂದ ಮೇಲೆ ರಾಯಬಾಗದ ಕುರುಬನ, ಅಥಣಿಯ ಸಮಗಾರನ ಪಾಡೇನು? ವೇದೋಕ್ತ ಪ್ರಕರಣ ವರ್ಷಗಟ್ಟಲೆ ನಡೆಯಿತು. ಪುಣೆಯ ಪತ್ರಿಕೆಗಳು ಬ್ರಾಹ್ಮಣರ ಪರ ನಿಂತವು. ಶಾಹೂ ರಾಜೋಪಾಧ್ಯೆಯನ್ನು ತೆಗೆದುಹಾಕಿ ಅವರ ಇನಾಮು ಜಮೀನು ಕಿತ್ತುಕೊಂಡರು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಆರಂಭದಲ್ಲಿ ಇದು ತಮ್ಮನ್ನು ಕ್ಷತ್ರಿಯ ಎಂದು ಒಪ್ಪಿಕೊಳ್ಳಿ ಎಂಬ ಜಗಳವೇ. ಜಾತಿ ಏಣಿಯನ್ನು ಮುರಿಯುವುದಕ್ಕಿಂತ ಅದರಲ್ಲಿ ತಮ್ಮ ಮೆಟ್ಟಿಲು ಯಾವುದು ಅನ್ನೋ ಪ್ರಶ್ನೆ. ಶಾಹೂ ಅವರ ದೊಡ್ಡತನ ಇರುವುದು ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದರಲ್ಲಿ. ತನಗಾದ ಅವಮಾನದಿಂದ ಶುರು ಮಾಡಿ, ತನಗಿಂತ ಕೆಳಗಿರುವವರಿಗೆ ದಿನವೂ ಆಗುವ ಅವಮಾನದವರೆಗೆ ಯೋಚಿಸಿದರು.

1902: ಒಂದು ಪ್ರವಾಸ, ಎರಡು ಫಲ

1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಶಾಹೂ ಇಂಗ್ಲೆಂಡಿಗೆ ಹೋದರು. ಅಲ್ಲಿದ್ದಾಗಲೇ, ಜುಲೈ 26ರಂದು, ಕೊಲ್ಹಾಪುರದ ಗೆಜೆಟ್ಟಿನಲ್ಲಿ ಆದೇಶ ಹೊರಬಿತ್ತು. ಇನ್ನು ಮುಂದೆ ಖಾಲಿಯಾಗುವ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 50 ಹಿಂದುಳಿದ ವರ್ಗಗಳಿಗೆ. ಬ್ರಾಹ್ಮಣ, ಪ್ರಭು, ಶೇಣವಿ, ಪಾರ್ಸಿ ಮತ್ತು ಇತರ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು. ಇಷ್ಟೇ ಆಗಿದ್ದರೆ ಅದೂ ಒಂದು ಘೋಷಣೆ. ಆದರೆ ಆದೇಶದಲ್ಲೇ ಇನ್ನೊಂದು ಅಂಶ ಇತ್ತು: ಪ್ರತಿ ಇಲಾಖೆಯ ಮುಖ್ಯಸ್ಥ ತನ್ನಲ್ಲಿ ಯಾರನ್ನು ನೇಮಿಸಿದೆ ಎಂಬ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ಎಂಜಿನಿಯರಿಂಗ್ ಓದಿದವನಾಗಿ ನನಗೆ ಹೆಚ್ಚು ಹಿಡಿಸೋದು ಈ ಎರಡನೇ ಭಾಗ. ಅಳತೆ ಇಲ್ಲದ ಗುರಿ ಬರೀ ಆಸೆ. ಶಾಹೂ ಗುರಿಯನ್ನೂ ಇಟ್ಟರು, ಮೀಟರನ್ನೂ ಕೂಡಿಸಿದರು.

ಆ ಪ್ರವಾಸದ ಎರಡನೇ ಫಲ ಖಾಸಬಾಗ್ ಕುಸ್ತಿ ಮೈದಾನ. ರೋಮಿನ ಹಳೆಯ ಬಯಲು ರಂಗಮಂದಿರ ನೋಡಿ ಬಂದ ಮೇಲೆ ಅವರಿಗೆ ಈ ಯೋಚನೆ ಬಂತು ಅಂತ ಕೊಲ್ಹಾಪುರದವರು ಹೇಳುತ್ತಾರೆ. ನೀವು ಮಹಾಲಕ್ಷ್ಮಿ ಗುಡಿಗೆ ಹೋದವರಾದರೆ ಅಲ್ಲಿಂದ ನಡೆದೇ ಹೋಗಬಹುದು, ಒಮ್ಮೆ ನೋಡಿ ಬನ್ನಿ. ದೊಡ್ಡದೊಂದು ಬೋಗುಣಿಯ ಹಾಗಿದೆ. ನಡುವೆ ಕೆಂಪು ಮಣ್ಣಿನ ಕಣ, ಸುತ್ತಲೂ ಏರುತ್ತಾ ಹೋಗುವ ಇಳಿಜಾರು. ಅಡ್ಡ ಬರುವ ಒಂದು ಕಂಬ ಇಲ್ಲ. ಹತ್ತಾರು ಸಾವಿರ ಜನ ಕೂತರೂ ಕಟ್ಟಕಡೆಯವನಿಗೂ ಕಣ ಕಾಣುತ್ತದೆ. ಸ್ಟೇಡಿಯಂ ವಿನ್ಯಾಸದಲ್ಲಿ ಅತಿ ಕಷ್ಟದ ಕೆಲಸ ಇದೇ. ಇಲ್ಲಿ ಅದನ್ನು ಸಿಮೆಂಟು ಉಕ್ಕಿನ ಆಡಂಬರ ಇಲ್ಲದೆ, ನೆಲ ಅಗೆದೇ ಸಾಧಿಸಿದ್ದಾರೆ.

1910ರ ದಶಕದ ಹೊತ್ತಿಗೆ ಇಲ್ಲಿ ಪಂಜಾಬಿನ ದೊಡ್ಡ ದೊಡ್ಡ ಪೈಲ್ವಾನರು ಬಂದು ಕುಸ್ತಿ ಆಡಿದರು. ಗಾಮಾ ಪೈಲ್ವಾನನ ತಮ್ಮ ಇಮಾಮ್ ಬಕ್ಷ್ ಕೂಡ ಬಂದಿದ್ದ. ಹೊರಗಿನಿಂದ ಬಂದವರು ಇಲ್ಲಿನ ತಾಲೀಮುಗಳಿಗೆ ಹೊಸ ಪಟ್ಟುಗಳನ್ನು ಕಲಿಸಿದರು. ಗಂಗಾವೇಸ್, ಮೋತಿಬಾಗ್, ಶಾಹೂಪುರಿ ತಾಲೀಮುಗಳ ಹೆಸರನ್ನು ಇವತ್ತು ನಿಪ್ಪಾಣಿ, ಕಾಗವಾಡದ ಹುಡುಗರು ಗುಡಿಯ ಹೆಸರು ಹೇಳಿದ ಹಾಗೆ ಹೇಳುತ್ತಾರೆ.

ಖುರಾಕಿನ ಲೆಕ್ಕ

ಪೋಷಕ ಇಲ್ಲದೆ ಕುಸ್ತಿ ಇಲ್ಲ ಯಾಕೆ? ಲೆಕ್ಕ ಸುಲಭ. ಪೈಲ್ವಾನ ನಸುಕಿನಲ್ಲೆದ್ದು ಸಾವಿರದ ಲೆಕ್ಕದಲ್ಲಿ ದಂಡ, ಬೈಠಕ್ ಹೊಡೆಯಬೇಕು, ಮಣ್ಣು ಅಗೆಯಬೇಕು, ಜೋಡಿ ಹಿಡಿಯಬೇಕು. ಸಂಜೆಗೆ ಮತ್ತೆ ಅದೇ. ನಡುವೆ ಹೊಲದ ಕೆಲಸಕ್ಕೆ ಹೋದರೆ ಮೈ ಒಡೆಯುತ್ತದೆ. ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ. ಈ ಖುರಾಕಿಗೆ ಒಂದು ಬಡ ಮನೆಯ ಇಡೀ ಗಳಿಕೆ ಸಾಲುವುದಿಲ್ಲ. ದುಡಿಯಬೇಕಾದ ವಯಸ್ಸಿನ ಮಗ ದುಡಿಯುವುದಿಲ್ಲ, ಮೇಲಿಂದ ನಾಲ್ಕು ಜನರ ಊಟ ಒಬ್ಬನೇ ಉಣ್ಣುತ್ತಾನೆ. ಅದೂ ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷದ ಆಟ. ಮೊಣಕಾಲು ಹೋಯಿತೋ, ಭುಜ ಜಾರಿತೋ, ಅಲ್ಲಿಗೆ ಮುಗೀತು. ಅಮೇಲೆ ಅವನಿಗೆ ನೌಕರಿಯೂ ಇಲ್ಲ, ಓದೂ ಇಲ್ಲ.

ಶಾಹೂ ಈ ಲೆಕ್ಕವನ್ನು ಅರಮನೆಯ ಖಾತೆಗೆ ಹಾಕಿಕೊಂಡರು. ಪೈಲ್ವಾನರಿಗೆ ಖುರಾಕು, ಇರಲು ಜಾಗ, ಗೆದ್ದರೆ ಬಹುಮಾನ. ಹೀಗಾಗಿ ಹಳ್ಳಿಯ ರೈತನ ಮಗನೂ ಪೂರ್ತಿ ಹೊತ್ತಿನ ಪೈಲ್ವಾನ ಆಗುವುದು ಸಾಧ್ಯವಾಯಿತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅವರು ಟೈಟಲ್ ಸ್ಪಾನ್ಸರ್, ಕೋಚಿಂಗ್ ಅಕಾಡೆಮಿ, ಸ್ಟೇಡಿಯಂ ಮಾಲೀಕ ಮೂರೂ ಆಗಿದ್ದರು. ಒಬ್ಬ ಪೋಷಕ ಇಷ್ಟನ್ನೂ ಮಾಡಿದರೆ ಆಟ ಎಷ್ಟು ಎತ್ತರಕ್ಕೆ ಹೋಗಬಹುದು ಅನ್ನೋದಕ್ಕೆ ಕೊಲ್ಹಾಪುರ ಸಾಕ್ಷಿ. ಆ ಒಬ್ಬ ಪೋಷಕ ಹೋದ ಮೇಲೆ ಏನಾಗುತ್ತದೆ ಅನ್ನೋದಕ್ಕೂ ಅದೇ ಸಾಕ್ಷಿ.

ಔದಾರ್ಯಕ್ಕೆ ಬಿಡದೆ ಬರೆದಿಟ್ಟದ್ದು

ಕುಸ್ತಿಯಾಚೆಗೆ ಶಾಹೂ ಏನೇನು ಮಾಡಿದರು ನೋಡಿ. ಹಳ್ಳಿಯಿಂದ ಓದಲು ಬರುವ ಹುಡುಗರಿಗೆ ಉಳಿಯಲು ಜಾಗ ಇರಲಿಲ್ಲ. ಕೊಲ್ಹಾಪುರದಲ್ಲಿ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ ಒಂದೊಂದಾಗಿ ಬೋರ್ಡಿಂಗುಗಳು ಎದ್ದವು. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್ ಬಂತು. ಜೈನರು, ಲಿಂಗಾಯತರು ದೊಡ್ಡ ಸಂಖ್ಯೆಯಲ್ಲಿರುವ ನಮ್ಮ ಚಿಕ್ಕೋಡಿ, ಅಥಣಿ, ರಾಯಬಾಗ ಸೀಮೆಗೆ ಈ ಬೋರ್ಡಿಂಗುಗಳ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇವುಗಳಿಗೆ ಜಾಗ ಕೊಟ್ಟರು, ಆದಾಯ ಕೊಟ್ಟರು, ನಡೆಸುವ ಹೊಣೆಯನ್ನು ಆಯಾ ಸಮುದಾಯದ ಮಂಡಳಿಗೆ ವಹಿಸಿದರು. ರಾಜ ಬರಲಿ ಬಿಡಲಿ, ಹಾಸ್ಟೆಲ್ಲಿನ ಒಲೆ ಉರಿಯುವ ಹಾಗೆ.

ಪ್ರಾಥಮಿಕ ಶಿಕ್ಷಣ ಉಚಿತ ಮತ್ತು ಕಡ್ಡಾಯ ಅಂತ 1917ರಲ್ಲಿ ಕಾನೂನು ತಂದರು. ಕುಲಕರ್ಣಿ ವತನ ರದ್ದಾಯಿತು, ಮಹಾರರನ್ನು ಬಿಟ್ಟಿ ಚಾಕರಿಗೆ ಕಟ್ಟಿಹಾಕಿದ್ದ ವತನ ರದ್ದಾಯಿತು. ಸರ್ಕಾರಿ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಅಸ್ಪೃಶ್ಯತೆ ಆಚರಿಸುವಂತಿಲ್ಲ ಎಂಬ ಆದೇಶ 1919ರಲ್ಲಿ ಬಂತು. ದಲಿತರಿಗೆ ವಕೀಲಿ ಸನದುಗಳನ್ನು ಕೊಟ್ಟರು.

ಗಂಗಾರಾಮ ಕಾಂಬಳೆಯ ಕಥೆ ನಿಮಗೆ ಗೊತ್ತಿರಬಹುದು. ಅರಮನೆಯ ಲಾಯದಲ್ಲಿದ್ದ ದಲಿತ ನೌಕರ. ನೀರಿನ ತೊಟ್ಟಿ ಮುಟ್ಟಿದ ಅಂತ ಜೊತೆಗಿದ್ದವರೇ ಬಡಿದರು. ಶಾಹೂ ಬಡಿದವರನ್ನು ಶಿಕ್ಷಿಸಿದರು, ಗಂಗಾರಾಮನಿಗೆ ಊರ ನಡುವೆ ಚಹಾ ಅಂಗಡಿ ಹಾಕಿಸಿಕೊಟ್ಟರು. ಅಂಗಡಿ ಹಾಕಿಸಿದರೇನಾಯ್ತು, ಯಾರೂ ಬರಲಿಲ್ಲ. ಆಗ ಮಹಾರಾಜರು ತಮ್ಮ ಸಾರೋಟನ್ನು ಅಲ್ಲೇ ನಿಲ್ಲಿಸಿ ಚಹಾ ಕುಡಿಯತೊಡಗಿದರು, ಜೊತೆಗಿದ್ದ ಮೇಲ್ಜಾತಿ ಅಧಿಕಾರಿಗಳಿಗೂ ಕುಡಿಸಿದರು. ಇದು ಮನ ಮುಟ್ಟುವ ಕಥೆ, ಅದಕ್ಕೇ ಎಲ್ಲರೂ ಹೇಳುತ್ತಾರೆ. ಆದರೆ ಮಹಾರಾಜರ ಸಾರೋಟು ಎಷ್ಟು ಅಂಗಡಿ ಮುಂದೆ ನಿಲ್ಲಲು ಸಾಧ್ಯ? ಸಾರೋಟು ಹೋಗಲಾಗದ ಕಡೆ ಹೋಗುವುದು ಕಾನೂನು ಮಾತ್ರ. ಅದು ಶಾಹೂ ಅವರಿಗೂ ಗೊತ್ತಿತ್ತು.

1920ರ ಜನವರಿ 31ರಂದು ಅಂಬೇಡ್ಕರ್ ಅವರ ಮೂಕನಾಯಕ ಪತ್ರಿಕೆ ಶುರುವಾಯಿತು. ಅದಕ್ಕೆ ಶಾಹೂ 2,500 ರೂಪಾಯಿ ಕೊಟ್ಟರು. ಅದೇ ಮಾರ್ಚ್ 21, 22ರಂದು ಕಾಗಲ್ ಸೀಮೆಯ ಮಾಣಗಾವಿಯಲ್ಲಿ ನಡೆದ ಪರಿಷತ್ತಿಗೆ ಖುದ್ದಾಗಿ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂಬ ಅರ್ಥದಲ್ಲಿ ಜನರ ಮುಂದೆ ಅಂಬೇಡ್ಕರರನ್ನು ನಿಲ್ಲಿಸಿದರು. ಆಗ ಅಂಬೇಡ್ಕರರಿಗೆ ಇನ್ನೂ 28 ವರ್ಷ. ಅದೇ ವರ್ಷದ ಜುಲೈನಲ್ಲಿ ಹುಬ್ಬಳ್ಳಿಯ ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆ ವಹಿಸಲು ಶಾಹೂ ನಮ್ಮ ಕಡೆ ಬಂದರು. ಇಲ್ಲಿನ ಬ್ರಾಹ್ಮಣೇತರ ಚಳವಳಿಗೆ ಅದು ದೊಡ್ಡ ಬಲ. ಮುಂದೆ 1925ರಲ್ಲಿ ನಿಪ್ಪಾಣಿಯ ದಲಿತ ವರ್ಗಗಳ ಪರಿಷತ್ತಿಗೆ ಅಂಬೇಡ್ಕರ್ ಬಂದಾಗ ನೆಲ ಹದವಾಗಿತ್ತು. ಆದರೆ ನೋಡಲು ಶಾಹೂ ಇರಲಿಲ್ಲ.

1922ರ ಮೇ 6ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. ವಯಸ್ಸು 47.

ಹಾಗಂತ ಅವರನ್ನು ದೇವರ ಪಟ ಮಾಡಿ ಗೋಡೆಗೆ ತೂಗುಹಾಕುವುದು ಬೇಡ. ಅವರು ಕೊನೆಯವರೆಗೂ ಬ್ರಿಟಿಷರಿಗೆ ನಿಷ್ಠರಾಗಿದ್ದರು, ಮೊದಲ ಮಹಾಯುದ್ಧದಲ್ಲಿ ಸೈನಿಕ ಭರ್ತಿಗೆ ನೆರವಾದರು. ರಾಜಸತ್ತೆ ತಪ್ಪು ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ. ಬೇಟೆಗೆ, ಆನೆಗಳ ಆಟಕ್ಕೆ ಖರ್ಚಾದ ಹಣವೂ ಪ್ರಜೆಗಳದ್ದೇ. ಇಷ್ಟೆಲ್ಲ ಇದ್ದೂ, ತನ್ನ ಅಧಿಕಾರವನ್ನು ತನ್ನ ನಂತರವೂ ಉಳಿಯುವ ನಿಯಮವಾಗಿ ಬದಲಾಯಿಸಿದ್ದು ಅವರ ಸಾಧನೆ. ಒಂದು ಕ್ಷೇತ್ರದಲ್ಲಿ ಮಾತ್ರ ಅವರು ಹಾಗೆ ಮಾಡಲಿಲ್ಲ. ಅದು ಅವರಿಗೆ ಅತಿ ಪ್ರೀತಿಯದಾಗಿದ್ದ ಕುಸ್ತಿ.

ರಾಜ ಹೋದ, ಪ್ರಿನ್ಸಿಪಾಲರ ಮನೆ ಅಡವಾಯಿತು

ಶಾಹೂ ನಂತರ ಮಗ ರಾಜಾರಾಮ ಮಹಾರಾಜರು ಬಂದರು. ಕುಸ್ತಿಯ ಪ್ರೀತಿ ಮನೆತನದಲ್ಲಿ ಮುಂದುವರಿಯಿತು, ತಾಲೀಮುಗಳು ನಡೆದವು. ಆದರೆ ವ್ಯವಸ್ಥೆ ಅರಮನೆಯ ಮೇಲೇ ನಿಂತಿತ್ತು. ಅದರ ಪರಿಣಾಮ ಏನು ಅನ್ನೋದನ್ನ ಒಬ್ಬ ಪೈಲ್ವಾನನ ಎರಡು ಪ್ರಯಾಣಗಳು ಹೇಳುತ್ತವೆ.

ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ ಕೊಲ್ಹಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿ. 1948ರ ಲಂಡನ್ ಒಲಿಂಪಿಕ್ಸಿಗೆ ಅವರ ಖರ್ಚನ್ನು ಕೊಲ್ಹಾಪುರದ ಮಹಾರಾಜರು ಹೊತ್ತರು. 1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು, 1956ರ ನವೆಂಬರ್ 1ರಂದು ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. ಈ ನಡುವೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಬಂದಾಗ ಅದೇ ಜಾಧವ್ ಹಣಕ್ಕಾಗಿ ಮನೆ ಮನೆ ಅಲೆಯಬೇಕಾಯಿತು. ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರ್ ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಜಾಧವ್ ಕಂಚು ಗೆದ್ದು ಬಂದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು.

ಪೈಲ್ವಾನ ಅವನೇ, ತಾಕತ್ತು ಅದೇ. ನಡುವೆ ಬದಲಾದದ್ದು ಪೋಷಕ ಮಾತ್ರ. ರಾಜ ಹೋಗಿದ್ದ, ಸರ್ಕಾರ ಇನ್ನೂ ಬಂದಿರಲಿಲ್ಲ. ನಡುವಿನ ಕಂದಕವನ್ನು ಒಬ್ಬ ಮೇಷ್ಟ್ರು ತನ್ನ ಮನೆಯಿಂದ ತುಂಬಿದರು. ಜಾಧವ್ 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತ ಮೇಲೆ. ಪಟಿಯಾಲ ಮಹಾರಾಜರ ಆಸರೆಯಲ್ಲಿ ಜಗತ್ತನ್ನೇ ಗೆದ್ದ ಗಾಮಾ ಕೂಡ ದೇಶ ವಿಭಜನೆಯ ನಂತರ ಲಾಹೋರಿನಲ್ಲಿ ಕಾಯಿಲೆ, ಕೈ ಖಾಲಿ ಎರಡರ ಜೊತೆ ಗುದ್ದಾಡಿ 1960ರಲ್ಲಿ ತೀರಿಹೋದ.

ಬದಲಾಗುವ ಸ್ಟಿಕ್ಕರು

ರಾಜರ ಜಾಗಕ್ಕೆ ಬಂದದ್ದು ಸಕ್ಕರೆ. ನದಿಗಳಿಗೆ ನೀರಾವರಿ ಬಂತು, ಕಬ್ಬು ಬಂತು, ಕಾರ್ಖಾನೆ ಬಂತು. ಆ ನೀರಿನಲ್ಲೂ ಶಾಹೂ ಪಾಲಿದೆ. ಭೋಗಾವತಿ ನದಿಗೆ ರಾಧಾನಗರಿ ಅಣೆಕಟ್ಟು ಯೋಜಿಸಿ ಶುರು ಮಾಡಿಸಿದವರು ಅವರು. ಆ ನೀರು ಪಂಚಗಂಗೆಯಾಗಿ, ನರಸೋಬವಾಡಿಯಲ್ಲಿ ಕೃಷ್ಣೆ ಸೇರಿ ಕಾಗವಾಡ, ಅಥಣಿ, ರಾಯಬಾಗದ ಕಡೆ ಹರಿಯುತ್ತದೆ. ಮಹಾರಾಷ್ಟ್ರದ ವಾರಣಾನಗರದಂಥ ಕಡೆ ಸಹಕಾರಿ ಸಕ್ಕರೆಯೇ ದೊಡ್ಡ ಕುಸ್ತಿಗಳನ್ನು ನಡೆಸಿತು. ನಮ್ಮ ಐದು ತಾಲ್ಲೂಕುಗಳಲ್ಲೂ ಕಾರ್ಖಾನೆ, ಬ್ಯಾಂಕು, ಸೊಸೈಟಿ, ಶಾಸಕರ ಮನೆತನ ಇವೇ ಪೋಷಕರು. ಇವರ ಹಣ ಬೇಡ ಅಂತ ನಾನು ಹೇಳುತ್ತಿಲ್ಲ. ಹಣ ಇಲ್ಲದೆ ತಾಲೀಮು ನಡೆಯಲ್ಲ. ಆದರೆ ಕಾರ್ಖಾನೆಯ ಆಡಳಿತ ಮಂಡಳಿ ಬದಲಾದರೆ ಜಾತ್ರೆಯ ಕುಸ್ತಿ ಬದಲಾಗುತ್ತದೆ. ಶಾಸಕರು ಪಕ್ಷ ಬದಲಿಸಿದರೆ ಶರ್ಯತ್ತಿನ ಬಹುಮಾನ ಬದಲಾಗುತ್ತದೆ. ಚುನಾವಣೆ ವರ್ಷ ಬೈಕು, ಟ್ರ್ಯಾಕ್ಟರು. ಮರುವರ್ಷ ಶಾಲು, ತೆಂಗಿನಕಾಯಿ.

ಗಾಡಿ ಶರ್ಯತ್ತಿನವರ ಕಥೆಯೂ ಇದೇ. ಒಂದು ಒಳ್ಳೆಯ ಖಿಲಾರಿ ಜೋಡಿ ಸಾಕುವುದು ಪೈಲ್ವಾನನನ್ನು ಸಾಕಿದ ಹಾಗೆಯೇ: ಖುರಾಕು, ತಾಲೀಮು, ಆರೈಕೆ. ಎತ್ತಿನ ಮಾಲೀಕ ಒಬ್ಬ, ಗಾಡಿ ಹೊಡೆಯುವವ ಇನ್ನೊಬ್ಬ, ಪಣದ ಹಣ ಮತ್ತೊಬ್ಬನದು. 2014ರ ಮೇ 7ರಂದು ಸುಪ್ರೀಂ ಕೋರ್ಟು ಇಂಥ ಓಟಗಳನ್ನು ನಿಷೇಧಿಸಿತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಈ ಒಂಬತ್ತು ವರ್ಷದ ವಾದದಲ್ಲಿ ಎತ್ತಿನ ನೋವಿನ ಬಗ್ಗೆ ಚರ್ಚೆಯಾಯಿತು, ಆಗಲೇಬೇಕಿತ್ತು. ಪರಂಪರೆಯ ಬಗ್ಗೆ ಭಾಷಣಗಳಾದವು. ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಹುಡುಗನ ಬಗ್ಗೆ ಯಾರು ಮಾತಾಡಿದರು?

ಪೋಷಕರು ಆಟಗಾರನ ಹಣೆಬರಹ ಬರೆಯುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸು ಅಂತ ಇದೆ. ಮಾಮೂಲಿ ಕಾರಿನ ರೂಪದ ಗಾಡಿಗಳು, ಮೈತುಂಬ ಕಂಪನಿಗಳ ಸ್ಟಿಕ್ಕರು. ನಮ್ಮ ಜಾತ್ರೆಯ ಬ್ಯಾನರಿಗೆ ನಾಲ್ಕು ಗಾಲಿ ಕೂಡಿಸಿದರೆ ಅದೇ. ಅಲ್ಲಿ ವೆಂಡೆಲ್ ಸ್ಕಾಟ್ ಎಂಬ ಕಪ್ಪು ಚಾಲಕನಿದ್ದ. ಒಂದೂ ದೊಡ್ಡ ಕಂಪನಿ ಅವನ ಬೆನ್ನಿಗೆ ನಿಲ್ಲಲಿಲ್ಲ. ಹಳೆಯ ಕಾರು ತಂದು, ತಾನೇ ಮೆಕ್ಯಾನಿಕ್ ಆಗಿ, ಮಕ್ಕಳನ್ನೇ ತಂಡ ಮಾಡಿಕೊಂಡು ಓಡಿಸಿದ. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಗೆದ್ದಾಗ ಮೊದಲು ಬಿಳಿಯ ಚಾಲಕನೊಬ್ಬನೇ ಗೆದ್ದ ಅಂತ ಘೋಷಿಸಿದರು. ಪ್ರೇಕ್ಷಕರೆಲ್ಲ ಮನೆಗೆ ಹೋದ ಮೇಲೆ ಲೆಕ್ಕ ಸರಿಪಡಿಸಿದರು. ಆ ಗೆಲುವಿನ ಟ್ರೋಫಿ ಅವನ ಮನೆ ಸೇರಿದ್ದು 2021ರಲ್ಲಿ, ಅವನು ಸತ್ತು 30 ವರ್ಷದ ಮೇಲೆ. ಹಣ ಯಾರ ಮೇಲೆ ಸ್ಟಿಕ್ಕರು ಅಂಟಿಸಬೇಕು ಅಂತ ಆರಿಸುವಾಗ ಬರೀ ಪ್ರತಿಭೆ ನೋಡಲ್ಲ. ಬಣ್ಣ ನೋಡುತ್ತದೆ, ನಮ್ಮಲ್ಲಿ ಜಾತಿ ನೋಡುತ್ತದೆ, ಓಟು ನೋಡುತ್ತದೆ.

ಪದಕ ಗೆದ್ದವರಿಗಾದರೂ ಭದ್ರತೆ ಇದೆಯಾ? 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ದೇಶದ ಹೆಸರಾಂತ ಮಹಿಳಾ ಪೈಲ್ವಾನರು ತಮ್ಮದೇ ಒಕ್ಕೂಟದ ಅಂದಿನ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ದೂರು ಹಿಡಿದು ವಾರಗಟ್ಟಲೆ ಕೂತದ್ದನ್ನು ನೋಡಿದ್ದೇವೆ. ಅವರನ್ನು ಪೊಲೀಸರು ರಸ್ತೆಯಲ್ಲಿ ಎಳೆದಾಡಿದ್ದನ್ನೂ ನೋಡಿದ್ದೇವೆ. ಆಟದ ಬಾಗಿಲು ಒಬ್ಬ ಯಜಮಾನನ ಕೈಯಲ್ಲಿದ್ದರೆ ಆಗುವುದು ಇದೇ.

ಜಾತ್ರೆ ಕಮಿಟಿಗೆ ಕೇಳಬೇಕಾದ್ದು

ಕರ್ನಾಟಕ ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ. ಮೊತ್ತ ಕಡಿಮೆ ಅಂತ ಬೈಯಬಹುದು, ಬೈಯಬೇಕು. ಆದರೆ ಅದು ಯಾರ ಮುಖವನ್ನೂ ನೋಡದೆ ಬರುವ ಹಣ. ಅದಕ್ಕಾಗಿ ಯಾರದೋ ಮನೆ ಮುಂದೆ ಫೇಟಾ ಕಟ್ಟಿಕೊಂಡು ನಿಲ್ಲಬೇಕಿಲ್ಲ. ಶಾಹೂ ಅವರ 1902ರ ಆದೇಶ ಯಾವ ಜಾತಿಯದ್ದೋ ಆ ಮಾಸಾಶನವೂ ಅದೇ ಜಾತಿಯದ್ದು. ಹಕ್ಕಿನ ಜಾತಿ. ಬ್ಯಾನರಿನ ಬಹುಮಾನ ಆಶ್ರಯದ ಜಾತಿ.

ಈ ಎರಡನೆಯದನ್ನು ಮೊದಲನೆಯದಾಗಿ ಬದಲಿಸುವುದು ದೊಡ್ಡ ಕ್ರಾಂತಿಯ ಕೆಲಸವೇನಲ್ಲ. ಈ ಓದುಗರಲ್ಲಿ ಬಹಳ ಜನ ಊರಿನ ಯುವಕ ಮಂಡಳಿಯಲ್ಲೋ, ಜಾತ್ರೆ ಕಮಿಟಿಯಲ್ಲೋ, ಯಾವುದೋ ಸಂಘಟನೆಯಲ್ಲೋ ಇದ್ದೀರಿ. ಮುಂದಿನ ಜಾತ್ರೆಯ ಮೀಟಿಂಗಿನಲ್ಲಿ ಮೂರು ಪ್ರಶ್ನೆ ಕೇಳಿ. ಕಣಕ್ಕಿಳಿಯುವ ಪ್ರತಿ ಪೈಲ್ವಾನನಿಗೆ, ಗಾಡಿ ಹೊಡೆಯುವ ಪ್ರತಿ ಹುಡುಗನಿಗೆ ಆ ದಿನದ ಮಟ್ಟಿಗಾದರೂ ಅಪಘಾತ ವಿಮೆ ಇದೆಯಾ? ಸೋತವನಿಗೆ ಎಷ್ಟು, ಗೆದ್ದವನಿಗೆ ಎಷ್ಟು, ಎಂದು ಕೊಡುತ್ತೇವೆ ಅನ್ನೋದು ಮೊದಲೇ ಬರಹದಲ್ಲಿದೆಯಾ? ಬಂದ ದೇಣಿಗೆಯಲ್ಲಿ ವೇದಿಕೆ, ಬ್ಯಾನರು, ಪಟಾಕಿಗೆ ಹೋದದ್ದೆಷ್ಟು, ಮಣ್ಣಿಗಿಳಿದವನ ಕೈಗೆ ಹೋದದ್ದೆಷ್ಟು? ಶಾಹೂ ಇಲಾಖೆಗಳಿಂದ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳಿದ್ದರು. ನಾವು ವರ್ಷಕ್ಕೊಮ್ಮೆ ಕೇಳಬಹುದಲ್ಲವಾ?

ಖಾಸಬಾಗದ ಕಣ ಇನ್ನೂ ಇದೆ. ಮಿಸ್ ಕ್ಲಾರ್ಕ್ ಹಾಸ್ಟೆಲ್ಲಿನಲ್ಲಿ ಓದಿದವರ ಮರಿಮಕ್ಕಳು ಇವತ್ತು ಯಾವ ರಾಜನ ದಯೆಗೂ ಕಾಯದೆ ಅರ್ಜಿ ಹಾಕಿ ನೌಕರಿ ಪಡೆಯುತ್ತಾರೆ. ಕಣಕ್ಕಿಳಿಯುವ ಹುಡುಗ ಮಾತ್ರ ಈ ಸಲದ ಬ್ಯಾನರಿನಲ್ಲಿ ಯಾರ ಮುಖ ಇದೆ ಅಂತ ನೋಡಿಕೊಂಡೇ ಲಂಗೋಟಿ ಕಟ್ಟಬೇಕು. ಶಾಹೂ ಬಿಟ್ಟುಹೋದ ಕೆಲಸ ಇದು. ಮಾಡಿ ಮುಗಿಸಲು ಈಗ ರಾಜರು ಬೇಕಾಗಿಲ್ಲ, ಒಂದು ರಸೀದಿ ಪುಸ್ತಕ, ಒಂದು ವಿಮೆ ಪತ್ರ, ಮೀಟಿಂಗಿನಲ್ಲಿ ಎದ್ದು ನಿಂತು ಕೇಳುವ ನಾಲ್ಕು ಜನ ಸಾಕು.